ಭಾನುವಾರ ಅಪ್ಪನ ಕೆರೆಗೆ: ಮೊಟ್ಟೆ ನೋಡಲು

ಎಲ್ಲರಿಗೂ ನಮಸ್ಕಾರ. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂದು ಮಕ್ಕಳು ಕೇಳಿದ್ದರು. ಮೊಟ್ಟೆಯೇ ಮೊದಲು, ಅನುಮಾನ ಬೇಡ. ಕೋಳಿ ಹುಟ್ಟುವ ಕೋಟ್ಯಂತರ ವರ್ಷ ಮೊದಲೇ ಮೀನುಗಳು ಮೊಟ್ಟೆ ಇಡುತ್ತಿದ್ದವು. ಆದರೆ ಅವಕ್ಕೆ ನೀರೇ ಆಸರೆ. 30 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಭ್ರೂಣವನ್ನು ಸುತ್ತುವ, ಒಳಗೇ ದ್ರವ ತುಂಬಿದ ಪೊರೆ ವಿಕಾಸವಾಯಿತು. ಒಣನೆಲದಲ್ಲೂ ಮೊಟ್ಟೆ ಉಳಿಯಿತು. ನನ್ನ ಮಟ್ಟಿಗೆ ಚಿಪ್ಪಿಗಿಂತ ಈ ಪೊರೆಯೇ ದೊಡ್ಡ ಅಚ್ಚರಿ.

ಕಲಬುರಗಿಯಲ್ಲಿ ಮಳೆಯಾಗಿದೆ, ಕೆರೆಯ ದಂಡೆಯಲ್ಲಿ ಕಪ್ಪೆಯ ಮೊಟ್ಟೆ ಕಾಣಬಹುದು, ಲೋಳೆಯೊಳಗೆ ಕಪ್ಪು ಚುಕ್ಕೆಗಳಂತೆ. ದಯವಿಟ್ಟು ಮುಟ್ಟಬೇಡಿ. ಬೇಯಿಸಿದ ಕೋಳಿಮೊಟ್ಟೆ ತಂದವರು ಸಿಪ್ಪೆಯ ಒಳಪೊರೆಯನ್ನೂ ದಪ್ಪ ತುದಿಯ ಗಾಳಿಗೂಡನ್ನೂ ಬಿಡಿಸಿ ತೋರಿಸಲಿ. ಮೊಟ್ಟೆ ಮುಟ್ಟದ ಮನೆಯವರು ಭೂತಗನ್ನಡಿ ತಂದರೆ ಸಾಕು. ಬೆಳಿಗ್ಗೆ 7ಕ್ಕೆ ಸೇರೋಣ.