ಗೆಳೆಯನಿಗೊಂದು ಪತ್ರ: ಬಿಸಿಲೇ ಹೊಲದೊಡೆಯ

ಪ್ರೀತಿಯ ಸ್ಟೆಪ್ನಿ,

ಪತ್ರ ಬರೀತೀನಿ ಅಂದಾಗ ನಗುವ ಎಮೋಜಿ ಕಳಿಸಿದೆ. ಸರಿ, ನಗು. ವಾಟ್ಸಾಪಿನಲ್ಲಿ ಬರೆದರೆ ನೀನು ಮೂರು ದಿನ ಬಿಟ್ಟು ಹೆಬ್ಬೆಟ್ಟು ತೋರಿಸುತ್ತೀಯ. ಇಲ್ಲಿ ನಾಲ್ಕು ಜನರ ಮುಂದೆ ಬರೆದರೆ ಮರ್ಯಾದೆಗಾದರೂ ಉತ್ತರ ಕೊಡಬೇಕಾಗುತ್ತೆ. ಉಳಿದವರೂ ಓದಿಕೊಳ್ಳಲಿ, ನಮ್ಮದೇನು ಗುಟ್ಟು? ಆ ಕೋಳಿ ವಿಷಯ ಒಂದು ಬಿಟ್ಟು.

ಊರಲ್ಲಿ ಎಲ್ಲ ಕ್ಷೇಮ. ಮಳೆ ಇಲ್ಲ. ಪಾವಗಡದಲ್ಲಿ ಮಳೆ ಇಲ್ಲ ಅನ್ನೋದು ಸಮಾಚಾರ ಅಲ್ಲ, ವಿಳಾಸ.

ಹೋದ ವಾರ ಫೋನಿನಲ್ಲಿ ನಮ್ಮ ಜಗಳ ಅರ್ಧಕ್ಕೆ ನಿಂತಿತಲ್ಲ, ಅದನ್ನು ಮುಗಿಸೋಣ. ನಿನ್ನ ವಾದ ಏನು? ಇನ್ನು ಹತ್ತು ವರ್ಷದಲ್ಲಿ ಎಲ್ಲ ಕೆಲಸವನ್ನೂ ಯಂತ್ರಗಳೇ ಮಾಡುತ್ತವೆ, ಮನುಷ್ಯರು ಕೂತು ತಿನ್ನುತ್ತಾರೆ, ಸರ್ಕಾರ ಎಲ್ಲರ ಖಾತೆಗೂ ದುಡ್ಡು ಹಾಕುತ್ತೆ. ವೈಟ್‌ಫೀಲ್ಡಿನ ಡೇಟಾ ಸೆಂಟರಿನಲ್ಲಿ ಎಸಿ ಗಾಳಿ ಕುಡಿಯುತ್ತಾ ನೀನು ಇದನ್ನು ಭವಿಷ್ಯ ಅನ್ನುತ್ತೀಯ. ನಾವು ಪಾವಗಡದವರು ಇದನ್ನು 2018 ಅನ್ನುತ್ತೇವೆ.

ನಮ್ಮೂರ ಸೋಲಾರ್ ಪಾರ್ಕಿನ ಲೆಕ್ಕ ನೋಡು. ಐದು ಊರು, ಹತ್ತಿರ ಹತ್ತಿರ 13,000 ಎಕರೆ, 2,050 ಮೆಗಾವಾಟ್. ಕೆಲಸ ಮಾಡುವುದು ಪ್ಯಾನೆಲ್ಲು, ಕೂತು ತಿನ್ನುವುದು ನಾವು. ಎಕರೆಗೆ ವರ್ಷಕ್ಕೆ 21,000 ರೂಪಾಯಿಗೆ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ, 28 ವರ್ಷದ ಲೀಸು. ನಾಲ್ಕು ಸಲ ಏರಿದರೆ 25,500ರ ಮೇಲೆ ಸ್ವಲ್ಪ. ನೀನು ಕ್ಯಾಲ್ಕುಲೇಟರ್ ತೆಗೀತೀಯ ಅಂತ ಗೊತ್ತು, ತೆಗಿ. ಬಿತ್ತನೆ ಇಲ್ಲ, ಕಳೆ ಇಲ್ಲ, ಹಂದಿ ಕಾಟ ಇಲ್ಲ. ಬ್ಯಾಂಕಿನಿಂದ ಒಂದು ಮೆಸೇಜು ಬರುತ್ತೆ, ಅದೇ ಸುಗ್ಗಿ. ಹೋದ ಸಲ ಮೆಸೇಜು ಬಂದಾಗ ಅಪ್ಪ ಫೋನನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದರು. ಸ್ಕ್ರೀನ್ ಗಾರ್ಡ್ ಮೇಲೆ ಕಲೆ ಇನ್ನೂ ಇದೆ.

ಕೇನ್ಸ್ ಅಂತ ಒಬ್ಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞರು 1930ರಲ್ಲೇ ಬರೆದಿದ್ದರು, ಇನ್ನು ನೂರು ವರ್ಷದಲ್ಲಿ ಮನುಷ್ಯ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗಬಹುದು ಅಂತ. ನಮ್ಮೂರ ಅರಳಿಕಟ್ಟೆ 2030ರವರೆಗೆ ಕಾಯಲಿಲ್ಲ. ಆಗಲೇ ಸೊನ್ನೆ ಗಂಟೆಗೆ ಬಂದು ಮುಟ್ಟಿದೆ. ಇಷ್ಟೊಂದು ಬಿಡುವು ಸಿಕ್ಕರೆ ಮನುಷ್ಯ ಏನು ಮಾಡಿಯಾನು ಅನ್ನುವ ಚಿಂತೆಯೂ ಅವರಿಗಿತ್ತು. ಇಸ್ಪೀಟಾಡುತ್ತಾನೆ ಸಾರ್. ನಿಮ್ಮ ಇಡೀ ಲೇಖನಕ್ಕೆ ನಮ್ಮ ಕಟ್ಟೆಯ ಉತ್ತರ ಒಂದೇ ಪದ: ಅಂದರ್-ಬಾಹರ್.

ಓದುತ್ತಿರುವವರಲ್ಲಿ ಯಾರೋ ಆಗಲೇ ನನಗೆ ‘ಸೋಲಾರ್ ವಿರೋಧಿ’ ಅಂತ ಬಿರುದು ಟೈಪ್ ಮಾಡುತ್ತಿರುತ್ತಾರೆ. ತಡೀರಿ. ನಾನು ವಿರೋಧಿ ಅಲ್ಲ, ಫಲಾನುಭವಿ. ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಲೀಸಿಗೆ ತಗೊಂಡರು. ಪಹಣಿ ಇವತ್ತೂ ಅಪ್ಪನ ಹೆಸರಲ್ಲೇ ಇದೆ. ಕಡ್ಲೆಕಾಯಿ ನಾಲ್ಕು ವರ್ಷ ಕೈಕೊಟ್ಟಿತ್ತು, ಬೋರು ಮೂರು ಕೊರೆಸಿ ಮೂರರಲ್ಲೂ ಧೂಳು ಬಂದಿತ್ತು. ಈ ದುಡ್ಡು ಬರದಿದ್ದರೆ ನಾನೂ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಗೇಟಲ್ಲಿ ಸೀಟಿ ಊದುತ್ತಿದ್ದೆ. ರಾಜಕೀಯದ ಮೇಲೆ ಇಷ್ಟು ಉದ್ದುದ್ದ ಬರೆಯಲು ಪುರುಸೊತ್ತು ಎಲ್ಲಿರುತ್ತಿತ್ತು?

ಆದರೆ ಮೊನ್ನೆ ಒಂದು ತಾರೀಕು ಕಣ್ಣಿಗೆ ಬಿತ್ತು. ಆಮೇಲೆ ನಿದ್ದೆ ಸರಿಯಾಗಿಲ್ಲ.

1974ರ ಮಾರ್ಚ್ 1. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದ ದಿನ. ಉಳುವವನೇ ಹೊಲದೊಡೆಯ. ನಮ್ಮ ತಾತ ಗೇಣಿಗೆ ಮಾಡುತ್ತಿದ್ದ ಹೊಲಕ್ಕೆ ಡಿಕ್ಲರೇಷನ್ ಹಾಕಿದರು, ಅಂದರೆ ಉಳುವವನು ನಾನು, ನನ್ನ ಹೆಸರಿಗೆ ಮಾಡಿ ಅನ್ನುವ ಅರ್ಜಿ. ಭೂನ್ಯಾಯ ಮಂಡಳಿಗೆ ಅಲೆದೂ ಅಲೆದೂ ಚಪ್ಪಲಿ ಸವೆಸಿ ಒಡೆಯರಾದರು. ಆ ಚಪ್ಪಲಿ ಕಥೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ನೂರು ಸಲ ಕೇಳಿದ್ದೀಯ. ಇನ್ನೊಂದು ತಾರೀಕು 2018ರ ಮಾರ್ಚ್ 1. ಮುಖ್ಯಮಂತ್ರಿ ಸಿದ್ದರಾಮಯ್ಯ ಸೋಲಾರ್ ಪಾರ್ಕಿನ ಮೊದಲ ಹಂತ ಉದ್ಘಾಟನೆ ಮಾಡಿದ ದಿನ. ಸರಿಯಾಗಿ 44 ವರ್ಷ. ನಾನೇನೂ ಪಿತೂರಿ ಅನ್ನುತ್ತಿಲ್ಲ. ಕ್ಯಾಲೆಂಡರಿಗೂ ತಮಾಷೆ ಮಾಡಲು ಬರುತ್ತೆ ಅಂತ ಹೇಳಿದೆ ಅಷ್ಟೆ.

ಈಗ ಆ ಹೊಲವನ್ನು ಉಳುತ್ತಿರುವುದು ಯಾರು? ಬಿಸಿಲು. ಹಾಗಾದರೆ ಬಿಸಿಲೇ ಹೊಲದೊಡೆಯ. ಸೂರ್ಯ ಒಂದು ಡಿಕ್ಲರೇಷನ್ ಹಾಕಿಬಿಟ್ಟರೆ ನಮ್ಮ ಮನೆ ಕಥೆ ಮುಗಿಯಿತು. ನಾವು ಯಾರು? ಹೊಲಕ್ಕೆ ಕಾಲಿಡದೆ ವರ್ಷಕ್ಕೊಮ್ಮೆ ಗೇಣಿ ಎಣಿಸುವವರು. ತಾತ ಚಪ್ಪಲಿ ಸವೆಸಿದ್ದು ಯಾರ ವಿರುದ್ಧವೋ, ನಾನು ಅವರೇ ಆಗಿದ್ದೇನೆ. ಅವರಿಗಾದರೂ ಪೇಟ ಇತ್ತು. ನನಗೆ ಬರ್ಮುಡಾ.

ಇಷ್ಟಾದರೆ ಒಳ್ಳೇ ಜೋಕು. ಇಲ್ಲಿಗೇ ನಿಲ್ಲಿಸಿ ಲೈಕ್ ಎಣಿಸಬಹುದಿತ್ತು.

ನಿಮ್ಮ ಮನೆಯವರು ಡಿಕ್ಲರೇಷನ್ ಹಾಕುವಂತಿರಲಿಲ್ಲ. ಯಾಕೆಂದರೆ ಗೇಣಿದಾರರಲ್ಲ, ಕೂಲಿಯವರು. ಅದೇ ಹೊಲದಲ್ಲಿ, ಅದೇ ಬಿಸಿಲಲ್ಲಿ, ನಮ್ಮ ತಾತನ ಪಕ್ಕದ ಸಾಲಿನಲ್ಲೇ ನಿಮ್ಮ ಅಜ್ಜಿ ಕಾಯಿ ಕೀಳುತ್ತಿದ್ದರು. ಉಳುವವನೇ ಹೊಲದೊಡೆಯ ಅಂದಾಗ ಅವರು ಉಳುವವರ ಪಟ್ಟಿಗೆ ಬರಲಿಲ್ಲ. ಸೋಲಾರ್ ಲೀಸು ಬಂದಾಗ ಪಹಣಿ ಇದ್ದವರಿಗೆ ದುಡ್ಡು, ಇಲ್ಲದವರಿಗೆ ತಂತಿಬೇಲಿ. ಎರಡು ಮಾರ್ಚ್ ಒಂದರಲ್ಲೂ ನಿಮ್ಮ ಮನೆ ಹೆಸರಿಲ್ಲ. ನಾವಿಬ್ಬರೂ ಒಂದೇ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಹೈಸ್ಕೂಲಿಗೆ ಹೋದವರು. ರಾಕೆಟ್ಟು, ರೋಬೋಟು ಅಂತ ಗಂಟೆಗಟ್ಟಲೆ ಹರಟಿದವರು. ಇದನ್ನು ಒಂದು ದಿನವೂ ಮಾತಾಡಲಿಲ್ಲ, ಅಲ್ವಾ? ನೀನು ಮಾತಾಡಲಿಲ್ಲ ಅನ್ನುವುದು ಬೇರೆ. ನನಗೆ ಹೊಳೆಯಲೇ ಇಲ್ಲ.

ರೋಬೋಟು ಅಂದಾಗ ನೆನಪಾಯಿತು. ಆ ಪದ ಬಂದದ್ದು ಕಾರೆಲ್ ಚಾಪೆಕ್ ಅನ್ನುವ ಚೆಕ್ ಲೇಖಕರು 1920ರಲ್ಲಿ ಬರೆದ ನಾಟಕದಿಂದ. ಅವರ ಭಾಷೆಯಲ್ಲಿ ರೋಬೋಟಾ ಅಂದರೆ ಜಮೀನ್ದಾರನಿಗೆ ಮಾಡುವ ಬಿಟ್ಟಿ ಚಾಕರಿ. ನಾವು ಸ್ಕೂಲಲ್ಲಿ ತಗಡಿನ ಡಬ್ಬ, ಎರಡು ಬಲ್ಬು ಬರೆದು ರೋಬೋಟು ಅಂತ ಹೆಸರು ಹಾಕುತ್ತಿದ್ದೆವು. ಬಿಟ್ಟಿ ಆಳು ಅಂತ ಬರೆಯಬೇಕಿತ್ತು. ಚಿತ್ರಕ್ಕೆ ಮಾದರಿ ಬೇಕು ಅಂದಿದ್ದರೆ ಕಿಟಕಿಯಿಂದ ಹೊರಗೆ ನೋಡಿದ್ದರೆ ಸಾಕಿತ್ತು.

ಈಗ ಹೇಳಬಾರದು ಅಂದುಕೊಂಡಿದ್ದ ವಿಷಯ.

ದೀಪಾವಳಿ ಕಳೆದ ಮೇಲೆ ನಿಮ್ಮಮ್ಮ ನಮ್ಮ ಮನೆಗೆ ಬಂದಿದ್ದರು. ಒಳಗೆ ಬರಲಿಲ್ಲ, ಜಗಲಿ ಮೇಲೆ ಕೂತರು. ಫ್ಲೋರೈಡ್ ನೀರು ಕುಡಿದ ಮಂಡಿ, ಕೂರಲು ಒಂದು ನಿಮಿಷ, ಏಳಲು ಎರಡು. ಪಾರ್ಕಿನಲ್ಲಿ ಪ್ಯಾನೆಲ್ ಸಾಲುಗಳ ನಡುವೆ ಹುಲ್ಲು ತೆಗೆಯುವ ಕೆಲಸ ಇದೆಯಂತಲ್ಲ, ಜಮೀನು ಕೊಟ್ಟವರು ಹೇಳಿದರೆ ಮೇಸ್ತ್ರಿ ಕೇಳುತ್ತಾನಂತಲ್ಲ, ನನ್ನ ಹೆಸರು ಒಂದು ಹೇಳ್ತೀರಾ ಅಂದರು. ಮಗ ದುಡ್ಡು ಕಳಿಸ್ತಾನೆ, ಅದಕ್ಕೇನೂ ಕಡಿಮೆ ಇಲ್ಲ, ಆದರೆ ಕೂತು ಕೂತು ಕೈಯೆಲ್ಲ ನನ್ನದಲ್ಲ ಅನ್ನಿಸುತ್ತೆ ಅಂದರು. ಅವನಿಗೆ ಹೇಳಬೇಡಿ ಅಂತಲೂ ಅಂದರು. ನೋಡು, ಈಗ ಇಷ್ಟು ಜನಕ್ಕೆ ಹೇಳಿಬಿಟ್ಟೆ.

‘ಹೇಳ್ತೀರಾ’ ಅಂದರು. ಗಮನಿಸಿದೆಯಾ? ನಿಮ್ಮಮ್ಮ ನನಗೆ ‘ನೀವು’ ಅಂದರು. ನನ್ನನ್ನು ‘ಲೇ ಮೂಳೆ’ ಅಂತ ಕರೆದು, ಹೊಲದ ಬದುವಿನಿಂದ ಹಸಿ ಕಡ್ಲೆಗಿಡ ಬೀಸಿ ಒಗೆದು, ‘ಸಿಪ್ಪೆ ಸಮೇತ ನುಂಗಬೇಡ’ ಅಂತ ಬೈದ ಹೆಂಗಸು.

ನಾನು ‘ನೋಡೋಣಮ್ಮ’ ಅಂದೆ.

ಮೇಸ್ತ್ರಿ ನನಗೆ ಗೊತ್ತು. ಒಂದು ಹೆಸರು ಕೊಡಿ ಅಂತ ಅವನೇ ಕೇಳಿದ್ದ. ನಾನು ಸೋದರಮಾವನ ಮಗನ ಹೆಸರು ಕೊಟ್ಟೆ. ಅವನು ಎರಡು ದಿನ ಹೋಗಿ ಬಿಸಿಲು ಜಾಸ್ತಿ ಅಂತ ಬಿಟ್ಟು ಬಂದ. ಅದೇ ವಾರ ನಾನು ಎಲ್ಲರಿಗೂ ತಿಂಗಳ ಆದಾಯ ಯಾಕೆ ಬೇಕು, ಯಂತ್ರ ಕೆಲಸ ಕಿತ್ತುಕೊಂಡಾಗ ಬಡವರ ಪಾಡೇನು ಅಂತ ಉದ್ದಕ್ಕೆ ಬರೆದಿದ್ದೆನಲ್ಲ, ಆರುನೂರು ಲೈಕು ಬಂದಿತ್ತಲ್ಲ. ಅದರ ಕೆಳಗೆ ನೀನು ‘ಮಸ್ತ್ ಗುರು’ ಅಂತ ಬರೆದಿದ್ದೆ. ಆ ಎರಡು ಪದ ಅಳಿಸಿಬಿಡು ಅಂತ ಕೇಳಲೇ ಈ ಪತ್ರ ಶುರು ಮಾಡಿದ್ದು ಅನ್ನಿಸುತ್ತೆ.

ಯಾಕೆ ಹಾಗೆ ಮಾಡಿದೆ ಅಂತ ಕೇಳಿಕೊಂಡೆ. ಮೊದಲು ಒಂದು ಒಳ್ಳೇ ಉತ್ತರ ಸಿಕ್ಕಿತು. ನಮ್ಮದೇ ಹೊಲದಲ್ಲಿ ನಿಮ್ಮಮ್ಮ ಮತ್ತೆ ಬಗ್ಗಿ ಹುಲ್ಲು ಕೀಳುವುದನ್ನು ನೋಡಲು ನಾಚಿಕೆ ಅಂತ. ಚೆನ್ನಾಗಿದೆ, ಪೋಸ್ಟ್ ಮಾಡುವ ಹಾಗಿದೆ. ಆದರೆ ನಿಜ ಅದಲ್ಲ ಕಣೋ. ಆ ‘ನೀವು’ ನನಗೆ ಹಿತವಾಗಿತ್ತು. ಕೆಲಸ ಕೊಡಿಸಿಬಿಟ್ಟರೆ ಅವರು ಮತ್ತೆ ಜಗಲಿಗೆ ಬಂದು ಕೇಳಬೇಕಾಗಿರಲಿಲ್ಲ.

ಅಷ್ಟೇ. ಬರೆದುಬಿಟ್ಟೆ. ಅಳಿಸುವ ಮುಂಚೆ ಮುಂದಿನ ಸಾಲಿಗೆ ಹೋಗುತ್ತೇನೆ.

ಒಂದು ವಿಜ್ಞಾನದ ವಿಷಯ ಹೇಳುತ್ತೇನೆ, ಮನಸ್ಸು ಹಗುರಾಗಲಿ. ಬಿಸಿಲು ಜಾಸ್ತಿಯಾದಷ್ಟೂ ಕರೆಂಟು ಜಾಸ್ತಿ ಅಂತ ನಮ್ಮೂರಲ್ಲಿ ಎಲ್ಲರ ನಂಬಿಕೆ. ಬೆಳಕಿಗೆ ಆ ಮಾತು ಸರಿ, ಸೆಕೆಗೆ ಅಲ್ಲ. ಪ್ಯಾನೆಲ್ಲಿನ ಶಕ್ತಿ ಅಳೆಯುವುದು 25 ಡಿಗ್ರಿಯಲ್ಲಿ. ಅದರ ಮೇಲೆ ಒಂದೊಂದು ಡಿಗ್ರಿ ಕಾದಂತೆ ಶೇಕಡ 0.4ರ ಆಸುಪಾಸು ಇಳಿಯುತ್ತಾ ಹೋಗುತ್ತೆ. ಏಪ್ರಿಲ್ ಮಧ್ಯಾಹ್ನ ಅದೂ ಸುಸ್ತಾಗಿ ಬೀಳುತ್ತೆ, ನನ್ನ ಸೋದರಮಾವನ ಮಗನ ಹಾಗೆ. ಧೂಳು ಕೂತರೆ ಮತ್ತೂ ಕಡಿಮೆ, ಅದಕ್ಕೆ ಸ್ನಾನ ಬೇರೆ ಮಾಡಿಸಬೇಕು. ನಿಮ್ಮಮ್ಮನನ್ನು ಯಾರೂ 25 ಡಿಗ್ರಿಯಲ್ಲಿ ಅಳೆಯಲಿಲ್ಲ.

ಹಗುರಾಗಲಿಲ್ಲ. ಮತ್ತೆ ಅಲ್ಲಿಗೇ ಬಂದೆ.

ಇನ್ನೊಂದು. ಚಾಪೆಕ್ ನಾಟಕದ ಕೊನೆಗೆ ರೋಬೋಟುಗಳು ತಿರುಗಿಬಿದ್ದು ಮನುಷ್ಯರನ್ನೆಲ್ಲ ಮುಗಿಸುತ್ತವೆ. ಒಬ್ಬನನ್ನು ಮಾತ್ರ ಬಿಡುತ್ತವೆ. ಅವನು ಕಟ್ಟಡದ ಕೆಲಸದವನು. ಇವನೂ ನಮ್ಮ ಹಾಗೆ ಕೈಯಿಂದ ಕೆಲಸ ಮಾಡುತ್ತಾನೆ, ಬದುಕಿಕೊಳ್ಳಲಿ ಅಂತ. ನಿನ್ನೆ ರಾತ್ರಿ ಕರೆಂಟ್ ಹೋಗಿತ್ತು (ಹೂಂ, ನಮ್ಮೂರಲ್ಲೂ ಹೋಗುತ್ತೆ, ಸೂರ್ಯ ರಾತ್ರಿ ಪಾಳಿ ಮಾಡಲ್ಲ). ಮಾಳಿಗೆ ಮೇಲೆ ಮಲಗಿ ಬೇಲಿಯಾಚೆ ನೋಡಿದೆ. ಹತ್ತು ಲಕ್ಷಗಟ್ಟಲೆ ಪ್ಯಾನೆಲ್ಲು ಬೆಳದಿಂಗಳಲ್ಲಿ ಸಾಲಾಗಿ ತಲೆ ಎತ್ತಿ ಕೂತಿದ್ದವು. ಇವು ಒಂದು ದಿನ ಎದ್ದು ಬೇಲಿ ದಾಟಿ ಬಂದರೆ ನಮ್ಮೂರಲ್ಲಿ ಯಾರನ್ನು ಬಿಟ್ಟಾವು ಅಂತ ಲೆಕ್ಕ ಹಾಕಿದೆ. ನಿಮ್ಮಮ್ಮ ಪಾಸು. ಕುರಿ ಕಾಯುವ ತಾತ ಪಾಸು. ಅರಳಿಕಟ್ಟೆ ಪೂರ್ತಿ ಫೇಲು. ನಾನು ಕೈಯಿಂದ ಮಾಡುವ ಕೆಲಸ ಒಂದೇ, ಟೈಪಿಂಗು. ಅದನ್ನು ಅವು ಒಪ್ಪುತ್ತವಾ ನೋಡಬೇಕು. ನಿನ್ನ ಕಥೆ ಡೌಟು. ಸರ್ವರ್ ರೂಮಲ್ಲಿ ಕೇಬಲ್ ಸಿಕ್ಕಿಸುತ್ತೀನಿ ಅಂತ ಹೇಳಿ ನೋಡು.

ಮೇಸ್ತ್ರಿ ಜೊತೆ ಇವತ್ತು ಬೆಳಿಗ್ಗೆ ಮಾತಾಡಿದೆ. ಹುಲ್ಲು ಮಳೆ ಬಂದರೆ ಬೆಳೆಯುತ್ತೆ, ಬೆಳೆದರೆ ಕರೀತೀನಿ ಅಂದ. ಪತ್ರದ ಮೊದಲಲ್ಲೇ ಬರೆದಿದ್ದೇನೆ ನೋಡು, ಮಳೆ ಇಲ್ಲ. ಆದರೂ ಸಾಯಂಕಾಲ ನಿಮ್ಮ ಮನೆಗೆ ಹೋಗಿ ಹೇಳಿ ಬಂದೆ. ಜಗಲಿ ಮೇಲೆ ನಾನೇ ಕೂತೆ. ‘ಆಗಲಿ ಬಿಡಿ’ ಅಂದರು. ಇನ್ನೂ ‘ಬಿಡಿ’ಯಲ್ಲೇ ಇದ್ದಾರೆ. ‘ಲೇ ಮೂಳೆ’ಗೆ ಬರಲು ಇನ್ನೆಷ್ಟು ಸಲ ಹೋಗಬೇಕೋ.

ನಿನಗೆ ಅಂತ ಎರಡು ಸೇರು ಕಡ್ಲೆಕಾಯಿ ಹುರಿದು ಕೊಟ್ಟಿದ್ದಾರೆ. ಅಂಗಡಿಯಲ್ಲಿ ಕೊಂಡದ್ದು. ಗಡಿಯಾಚೆಯ ಕಾಯಿ. ನಮ್ಮೂರಲ್ಲಿ ಈಗ ಯಾರು ಬೆಳೀತಾರೆ? ನಾಳೆ ಬೆಳಿಗ್ಗೆ ಬಸ್ಸಿಗೆ ಹಾಕುತ್ತೇನೆ, ಮೆಜೆಸ್ಟಿಕ್ಕಿನಲ್ಲಿ ಇಳಿಸಿಕೋ. ಡ್ರೈವರಣ್ಣನಿಗೆ ಹದಿನೇಳು ರೂಪಾಯಿ ಕೊಡುವುದು ಮರೀಬೇಡ. ಅವರು ಇನ್ನೂ ಮರೆತಿಲ್ಲ.

ನಿನ್ನ,
ಜಾಕಿ