ಸಿಂಡಿಯಿಂದ ಶುರುಮಾಡಿ

ಪ್ರಿಯ ಗೆಳೆಯರೇ,

ಹಿಪ್‌ಹಾಪ್ ಸಂಗೀತ ಹುಟ್ಟಿದ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ‘1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಹಿಪ್‌ಹಾಪ್‌ಗೆ ಜನ್ಮ ಕೊಟ್ಟ’ ಎಂದು ಆರಂಭಿಸಿದ್ದೀರಿ. ತಾರೀಖು ಸರಿ, ಹೆಸರೂ ಸರಿ. ಆದರೆ ಆ ಸಂಜೆಯ ಪಾರ್ಟಿ ಏರ್ಪಡಿಸಿದವಳು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಅವಳು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಶಾಲೆ ತೆರೆಯುವ ಮುನ್ನ ಅವಳಿಗೆ ಹೊಸ ಬಟ್ಟೆ ಬೇಕಿತ್ತು, ಅದಕ್ಕೆ ದುಡ್ಡು ಬೇಕಿತ್ತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂ 1520ರಲ್ಲಿ ತಾವು ವಾಸವಿದ್ದ ಕಟ್ಟಡದ ಹಾಲ್ ಹಿಡಿದಳು. ಪುಟ್ಟ ಕಾರ್ಡುಗಳ ಮೇಲೆ ಕೈಬರಹದ ಆಹ್ವಾನ: ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹೆದ್ದಾರಿಗಾಗಿ ಒಡೆದ ಮನೆಗಳು, ಸುಟ್ಟ ಕಟ್ಟಡಗಳು, ಬಡತನ ಎಂದು ಮೂರು ಪ್ಯಾರಾ ಬರೆದಿದ್ದೀರಿ. ಅದೆಲ್ಲ ನಿಜವೇ. ಆದರೂ ಮೊದಲು ಆ ಕಾರ್ಡನ್ನು ಓದುಗರ ಕೈಗೆ ಕೊಡಿ.

ಹರ್ಕ್‌ನನ್ನು ‘ಪ್ರತಿಭಾವಂತ’ ಎಂದು ಹೊಗಳಿ ಬಿಟ್ಟುಬಿಡಬೇಡಿ. ಅವನು ಮಾಡಿದ್ದೇನೆಂದು ಹೇಳಿ. ಜಮೈಕಾದ ಕಿಂಗ್‌ಸ್ಟನ್‌ನಿಂದ ಬಂದ ಈ ಹುಡುಗ ಕುಣಿಯುವವರ ಕಾಲುಗಳನ್ನೇ ನೋಡುತ್ತಿದ್ದ. ಹಾಡುಗಾರಿಕೆ ನಿಂತು ಬರೀ ತಾಳ ಉಳಿಯುವ ‘ಬ್ರೇಕ್’ಗಾಗಿ ಅವರು ಕಾಯುತ್ತಿದ್ದರು. ಅದು ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತಿತ್ತು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಹಾಕಿ ಅವನು ಆ ತಾಳವನ್ನು ಹಿಗ್ಗಿಸಿದ. ಇದೇ ಕೆಲಸ ಮತ್ತೊಬ್ಬ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್‌ನ ಕೈಯಲ್ಲಿ ಇನ್ನಷ್ಟು ಕರಾರುವಾಕ್ಕಾಯಿತು. ಎಲೆಕ್ಟ್ರಾನಿಕ್ಸ್ ಕಲಿತಿದ್ದ ಆತ ರೆಕಾರ್ಡಿನ ಮೇಲೆ ಕ್ರೇಯಾನ್‌ನಿಂದ ಗುರುತು ಹಾಕಿ, ಅದು ಎಷ್ಟು ಸುತ್ತು ತಿರುಗಿದೆ ಎಂದು ಲೆಕ್ಕ ಹಿಡಿಯುತ್ತಿದ್ದ. ಆ ಕ್ರೇಯಾನ್ ಗೆರೆ ನನಗೆ ನಿಮ್ಮ ‘ಸಾಂಸ್ಕೃತಿಕ ಕ್ರಾಂತಿ’ಗಿಂತ ಹೆಚ್ಚು ಹೇಳುತ್ತದೆ.

1979ರ ‘ರ‍್ಯಾಪರ್ಸ್ ಡಿಲೈಟ್’ ಎಂಬ ಹಾಡು ಎಷ್ಟು ಜನಪ್ರಿಯವಾಯಿತೆಂದು ಬರೆದಿದ್ದೀರಿ. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಎಂಬ ಗಾಯಕ ಹೇಳುವ ಹಲವು ಸಾಲುಗಳು ಬ್ರಾಂಕ್ಸ್‌ನ ರ‍್ಯಾಪರ್ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್‌ನ ನೋಟ್‌ಬುಕ್ಕಿನವು. ‘ಕ್ಯಾಸನೋವಾ ಫ್ಲೈ’ ಎಂಬುದು ಕ್ಯಾಜ್ ಆಗ ಇಟ್ಟುಕೊಂಡಿದ್ದ ಹೆಸರು. ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಸಾಲನ್ನೂ ಹ್ಯಾಂಕ್ ಬದಲಿಸದೆ ಹಾಡಿದ. ಜಗತ್ತೆಲ್ಲ ಆ ಹೆಸರನ್ನು ಕೇಳಿತು. ರೆಕಾರ್ಡಿನ ಮೇಲೆ ಮಾತ್ರ ಕ್ಯಾಜ್‌ನ ಹೆಸರಿರಲಿಲ್ಲ. ಬರೆಯುವವರಾದ ನಮಗೆ ಇದು ನೋಯಬೇಕು. ನನಗೆ ಇಂದಿಗೂ ನೋಯುತ್ತದೆ.

ಮುಂದಿನ ಕರಡಿನಲ್ಲಿ ಸಿಂಡಿ ಬರಲಿ, ಕ್ಯಾಜ್ ಬರಲಿ. ಬಡತನದ ಮೂರು ಪ್ಯಾರಾ ಒಂದಾದರೆ ಇಬ್ಬರಿಗೂ ಜಾಗವಾಗುತ್ತದೆ. ಬರೆದು ಕಳುಹಿಸಿ, ಕಾಯುತ್ತಿರುತ್ತೇನೆ.