ಧಾರವಾಡಕ್ಕೂ ಬೇಡ, ಬೆಂಗಳೂರಿಗೂ ಬೇಡ

ಮಾನ್ಯ ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ. ನಾವು ಮಾತು ಕೇಳದಿದ್ದರೆ ಅಜ್ಜಿ, "ಧಾರವಾಡಕ್ಕೆ ಕಳಿಸ್ತೀನಿ ನೋಡು" ಅಂತ ಗದರುತ್ತಿದ್ದರು. ಧಾರವಾಡದಲ್ಲಿ ಪೇಢಾನೂ ಸಿಗುತ್ತೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ. 1845ರಲ್ಲಿ ಬ್ರಿಟಿಷರು ಅಲ್ಲಿ ತೆರೆದ ಹುಚ್ಚಾಸ್ಪತ್ರೆಯ ಹೆದರಿಕೆ ಘಟ್ಟದ ಅಡುಗೆಮನೆವರೆಗೂ ಬಂದಿತ್ತು.

ಬೆಂಗಳೂರಿನದೂ ಹೆಚ್ಚುಕಡಿಮೆ ಅದೇ ಕಾಲದ್ದು, 1847. ಅದಕ್ಕೆ ಅದೃಷ್ಟವಿತ್ತು. 1925ರಲ್ಲಿ 'ಹುಚ್ಚಾಸ್ಪತ್ರೆ' ಹೋಗಿ ಮಾನಸಿಕ ಆಸ್ಪತ್ರೆ ಆಯಿತು, 1954ರಲ್ಲಿ ಮಗ್ಗುಲಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್. ಧಾರವಾಡದ್ದು ಬಹುಕಾಲ ಗೋಡೆ, ಬೀಗಗಳಲ್ಲೇ ಸೊರಗಿತು. ಡಿಮ್ಹಾನ್ಸ್ ಎಂಬ ಹೊಸ ಹೆಸರು ಸಿಕ್ಕಿದ್ದು ಈ ಶತಮಾನದಲ್ಲಿ.

ಹಳೇ ಆಸ್ಪತ್ರೆಗಳ ಬೀಗ ತೆಗೆಸಿದ್ದು ಕರುಣೆಗಿಂತ ಹೆಚ್ಚಾಗಿ ಮಾತ್ರೆ ಅಂತ ನನ್ನ ಅನಿಸಿಕೆ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೈನ್ ಎಂಬ ಮನೋರೋಗದ ಔಷಧಿ ಬಂದ ಮೇಲೆ ರೋಗಿ ಮನೆಯಲ್ಲೇ ಇರಬಹುದು ಅಂತಾಯಿತು. ಆದರೆ ಮಾತ್ರೆಯೂ ಮನೆ ಹತ್ತಿರ ಬರಬೇಕಲ್ಲ? 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಇದನ್ನು ಮಾಡಿ ತೋರಿಸಿದರು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಇನ್ನು ನಮ್ಮನೆ ವಿಷಯ. ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ. ಬೇರೆ ಔಷಧಿ ಹಿಡಿಯದೆ ಕ್ಲೋಜಪೈನ್ ಶುರು ಮಾಡಿದರು. ಅದಕ್ಕೆ ಮೊದಲ 18 ವಾರ, ವಾರ ತಪ್ಪದೆ ರಕ್ತಪರೀಕ್ಷೆ. ಮಳೆಗಾಲ, ಮರ ಬಿದ್ದ ರಸ್ತೆ, ದಿನಕ್ಕೆರಡು ಬಸ್ಸು. ನಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದರೆ "ಸ್ಟಾಕ್ ಇಲ್ಲ, ಬೆಂಗಳೂರಿಗೇ ಹೋಗಿ" ಎಂಬ ಉತ್ತರ. ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ಫೈಲು ಎದೆಗವಚಿಕೊಂಡು ಕೂತವರನ್ನು ಒಮ್ಮೆ ನೋಡಿ, ಅರ್ಧ ಬೋಗಿ ನಮ್ಮವರೇ ಅನಿಸುತ್ತೆ. ಅಡಿಕೆಗೆ ಕೊಳೆ ಬಂದರೆ ಮೈಲುತುತ್ತ ಸೊಸೈಟಿಯಲ್ಲೇ ಸಿಗುತ್ತದೆ ಸ್ವಾಮಿ, ಮನುಷ್ಯನ ಔಷಧಿಗೆ ರಾತ್ರಿಯಿಡೀ ಪ್ರಯಾಣ.

ಮನೋವೈದ್ಯರನ್ನು ವಾರಕ್ಕೊಮ್ಮೆಯಾದರೂ ಕಳಿಸಿ ಅಂದರೆ ರೋಗಿಗಳೇ ಬರುವುದಿಲ್ಲ ಅನ್ನುತ್ತಾರೆ. ಡಾಕ್ಟರೇ ಇಲ್ಲದ ಮೇಲೆ ಯಾರು ಬರುತ್ತಾರೆ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನೋ ಗಾದೆ ಇಲಾಖೆಗೇ ಹೆಚ್ಚು ಒಪ್ಪುತ್ತದೆ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 18 ಓದಿಸಿಕೊಳ್ಳಿ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಸದಾ ಉಚಿತವಾಗಿ ಸಿಗಬೇಕು ಎಂದಿದೆ.

ನಮಗೆ ಹೊಸ ಕಟ್ಟಡ, ಶಂಕುಸ್ಥಾಪನೆ ಯಾವುದೂ ಬೇಡ. ಮುಂದಿನ ಕೆಡಿಪಿ (ಜಿಲ್ಲಾ ಪ್ರಗತಿ ಪರಿಶೀಲನೆ) ಸಭೆಗೆ ಒಂದು ಲೆಕ್ಕ ತರಿಸಿ: ಕಳೆದ ವರ್ಷ ಯಾವ ತಾಲೂಕಿನಲ್ಲಿ, ಯಾವ ಮಾತ್ರೆ, ಎಷ್ಟು ದಿನ ಇರಲಿಲ್ಲ. ಆ ರಕ್ತಪರೀಕ್ಷೆ ತಾಲೂಕಿನಲ್ಲೇ ಆಗುವಂತೆ ಮಾಡಿ.

ಚಿಕ್ಕಪ್ಪನ ಡಬ್ಬಿಯಲ್ಲಿ ಇನ್ನು ಒಂಬತ್ತು ದಿನದ ಮಾತ್ರೆ ಇದೆ.

ಇಂತಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ